ಕಥೆ ಗೊತ್ತಾದ ಮೇಲೆ ಇನ್ನೂ ಚೆನ್ನಾಗಿ ಕಂಡ ಸಿನಿಮಾಗಳು

ಪ್ರಶ್ನೆ: ಮೊದಲ ಸಲಕ್ಕಿಂತ ಎರಡನೇ ಸಲ ನೋಡಿದಾಗ ಹೆಚ್ಚು ಇಷ್ಟವಾದ ಸಿನಿಮಾ, ಧಾರಾವಾಹಿ ಯಾವುವು? ಯಾಕೆ ಅಂತಾನೂ ಹೇಳಿ.

‘ಯಾಕೆ’ ಅಂತ ಕೇಳಿದ್ದು ಒಳ್ಳೇದಾಯ್ತು, ಇಲ್ಲದಿದ್ದರೆ ಎಲ್ಲರೂ ಬರೀ ಹೆಸರು ಬರೆದು ಹೋಗಿಬಿಡ್ತಾರೆ. ಅರ್ಥವಾಗಲಿಲ್ಲ ಅಂತ ಮತ್ತೆ ನೋಡುವ ಸಿನಿಮಾಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಉಪೇಂದ್ರರ ‘ಎ’ (1998) ಕಥೆಯನ್ನು ಹಿಂದುಮುಂದು ಮಾಡಿ ಹೇಳಿತ್ತು, ಗಂಟು ಬಿಡಿಸೋಕೆ ಅಂತಲೇ ಮತ್ತೆ ಟಿಕೆಟ್ ತಗೊಂಡವರಿದ್ದರು. ನನ್ನ ಪ್ರಶ್ನೆ ಅದರ ನಂತರದ್ದು. ಗಂಟು ಬಿಚ್ಚಿಕೊಂಡ ಮೇಲೂ ನೋಡೋಕೆ ಏನಾದರೂ ಉಳಿದಿರುತ್ತಾ?

‘ತಿಥಿ’ಯಲ್ಲಿ ಉಳಿದಿರುತ್ತೆ. ರಾಮ್ ರೆಡ್ಡಿ ನಿರ್ದೇಶನದ ಈ ಸಿನಿಮಾ ತೆರೆಗೆ ಬಂದದ್ದು 2016ರಲ್ಲಿ. ನಾನಿರುವ ಪುಣೆಗೆ ಕನ್ನಡ ಸಿನಿಮಾ ಬಂದರೂ ಶನಿವಾರ ಭಾನುವಾರ ಒಂದೆರಡು ಶೋ, ಅದೂ ಊರಾಚೆಯ ಯಾವುದೋ ಮಾಲ್‌ನಲ್ಲಿ, ತಪ್ಪಿದರೆ ತಪ್ಪಿತು. ನಾನು ನೋಡಿದ್ದು ಮನೆಯಲ್ಲಿ, ಸಬ್‌ಟೈಟಲ್ ಹಾಕ್ಕೊಂಡು. ಧಾರವಾಡದ ಕಡೆಯವನಿಗೆ ಮಂಡ್ಯದ ಮಾತು ಅಷ್ಟು ಸಲೀಸಾಗಿ ಕಿವಿಗೆ ಇಳಿಯಲ್ಲ. ಆಫೀಸಿನಲ್ಲಿರುವ ಮಂಡ್ಯದ ಗೆಳೆಯ ಇದನ್ನು ಕೇಳಿ, “ಕನ್ನಡ ಪಿಚ್ಚರ್‌ನ ಇಂಗ್ಲಿಷಲ್ಲಿ ಓದ್ಬುಟ್ರಾ ಸಾ? ನಮ್ಮನೇಗ್ ಬನ್ನಿ, ಅದ್ನ ಆಫ್ ಮಾಡಿ ನೋಡವ” ಅಂದ. ಹೋದೆ. ಓದುವ ಕೆಲಸ ತಪ್ಪಿದ ಕಣ್ಣು ಆ ಸಲ ಮುಖಗಳ ಮೇಲೆ ನಿಂತಿತು.

ನೋಡಿಲ್ಲದವರಿಗೆ ಕಥೆ ಇಷ್ಟು: ದಾರೀಲಿ ಹೋಗೋರಿಗೆಲ್ಲ ಬಾಯಿಗೆ ಬಂದಂತೆ ಬೈತಾ ಕೂತಿದ್ದ, ನೂರು ದಾಟಿದ ಸೆಂಚುರಿ ಗೌಡ ಸಿನಿಮಾ ಶುರುವಾಗುತ್ತಲೇ ಕುಸಿದು ಸಾಯ್ತಾನೆ. ಹನ್ನೊಂದನೇ ದಿನ ತಿಥಿ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ, ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿಯ ಹುಚ್ಚು. ಸೆಂಚುರಿ ಗೌಡನ ಮಗ, ಅಂದರೆ ತಮ್ಮಣ್ಣನ ಅಪ್ಪ ಗಡ್ಡಪ್ಪನಿಗೆ ಮಾತ್ರ ಏನೂ ಬೇಡ. ಅಪ್ಪ ಸತ್ತ ಸುದ್ದಿ ಕೇಳಿದರೂ ಅವನಿಗೆ ಏನೂ ಅನ್ನಿಸಿದ ಹಾಗೆ ಕಾಣಲ್ಲ, ಬ್ರಾಂದಿ ಹೀರುತ್ತಾ ಹೊಲದ ಕಡೆ ನಡೀತಾ ಇರ್ತಾನೆ.

ಮೊದಲ ಸಲ ಇದು ತಮಾಷೆ. ನಾನೂ ನಕ್ಕಿದ್ದೆ. ಸಿನಿಮಾ ಸಾಕಷ್ಟು ಮುಂದೆ ಹೋದ ಮೇಲೆ ಗಡ್ಡಪ್ಪ ಕುರಿಗಾಹಿಗಳ ಜೊತೆ ಕೂತು ತನ್ನ ಅಪ್ಪನ ಬಗ್ಗೆ, ಹೆಂಡತಿಯ ಬಗ್ಗೆ ಒಂದಿಷ್ಟು ಹೇಳ್ತಾನೆ. ಏನು ಅಂತ ಇಲ್ಲಿ ಬರೆಯಲ್ಲ. ಆದರೆ ಅದು ತಿಳಿದ ಮೇಲೆ ಮೊದಲಿನಿಂದ ನೋಡಿ. ಸಾವಿನ ಸುದ್ದಿ ಕೇಳಿದ ಆ ಮುಖ, ಜಮೀನಿನ ಮಾತು ಬಂದಾಗಲೆಲ್ಲ ಅವನು ನುಣುಚಿಕೊಳ್ಳುವ ರೀತಿ, ಯಾವುದಕ್ಕೂ ನಗು ಬರಲ್ಲ. ಅಭಿನಯಿಸಿದವರು ಆ ಕಡೆಯ ಹಳ್ಳಿಯ ಜನ, ವೃತ್ತಿ ನಟರಲ್ಲ. ಪಳಗಿದ ನಟ ಆಗಿದ್ದರೆ ಮೊದಲ ಅರ್ಧದಲ್ಲೇ ಒಂದು ನಿಟ್ಟುಸಿರಿನ ಸುಳಿವು ಬಿಟ್ಟುಬಿಡ್ತಿದ್ದ. ಈ ಗಡ್ಡಪ್ಪ ಏನೂ ಬಿಟ್ಟುಕೊಡಲ್ಲ, ಅದಕ್ಕೇ ಎರಡನೇ ಸಲ ಕಥೆ ಪೂರಾ ಅವನದೇ ಆಗಿಬಿಡುತ್ತೆ. ತಮ್ಮಣ್ಣನ ಓಡಾಟ ಪಕ್ಕಕ್ಕೆ ಸರಿಯುತ್ತೆ.

ಎರಡನೆಯದು ಶ್ರೀರಾಮ್ ರಾಘವನ್ ಅವರ ‘ಅಂಧಾಧುನ್’ (2018). ನೋಡಿಲ್ಲದಿದ್ದರೆ ಈ ಎರಡು ಪ್ಯಾರಾ ದಾಟಿ ಹೋಗಿ. ಕಥೆ ನಡೆಯೋದು ಪುಣೆಯಲ್ಲೇ ಆದ್ದರಿಂದ ಮೊದಲ ಸಲ ನಮ್ಮ ಅರ್ಧ ಗಮನ ‘ಇದು ಯಾವ ಗಲ್ಲಿ’ ಅನ್ನೋದಕ್ಕೆ ಹೋಯ್ತು. ಇನ್ನರ್ಧ, ಕುರುಡನ ಹಾಗೆ ನಟಿಸುವ ಆಕಾಶ್ ಸಿಕ್ಕಿಬೀಳ್ತಾನಾ ಅನ್ನೋ ದಿಗಿಲಿಗೆ. ಎರಡನೇ ಸಲ ಟಬು ಒಬ್ಬರನ್ನೇ ನೋಡಿ. ಪಕ್ಕದ ಮನೆಯಾಕೆ ನೋಡ್ತಿದ್ದಾಳೆ ಅನ್ನೋ ಕಾರಣಕ್ಕೆ ಸಿಮಿ (ಟಬು ಪಾತ್ರ) ಆಕಾಶ್‌ನನ್ನು ಒಳಗೆ ಬಿಟ್ಟುಕೊಳ್ತಾಳೆ. ಒಳಗೆ ಗಂಡನ ಹೆಣ, ಬಾತ್‌ರೂಮಿನಲ್ಲಿ ಗನ್ ಹಿಡಿದ ಪ್ರಿಯಕರ. ಇವನು ಪಿಯಾನೋ ನುಡಿಸ್ತಾನೆ, ಅವರಿಬ್ಬರು ಸದ್ದಿಲ್ಲದೆ ಹೆಣವನ್ನು ಸೂಟ್‌ಕೇಸಿಗೆ ತುರುಕ್ತಾರೆ. ಅವಳ ಬಾಯಿ ಇವನ ಜೊತೆ, ಕಣ್ಣು ಕೈ ಎಲ್ಲ ಅವನ ಜೊತೆ. ಮೊದಲ ಸಲ ನನಗೆ ಇದನ್ನು ಗಮನಿಸೋಕೆ ಪುರಸೊತ್ತೇ ಇರಲಿಲ್ಲ. (ಗಂಡನ ಪಾತ್ರ ಮಾಡಿದ ಅನಿಲ್ ಧವನ್ 70ರ ದಶಕದ ನಿಜವಾದ ನಾಯಕನಟ. ಆತ ಸಿನಿಮಾದಲ್ಲಿ ಕೂತು ಹಿಗ್ಗುವ ಹಳೇ ಹಾಡುಗಳೂ ಅವರವೇ.)

ಇನ್ನು ಆ ಮೊಲ. ಶುರುವಿನಲ್ಲಿ ಕೋಸಿನ ಹೊಲದಲ್ಲಿ ಓಡುತ್ತೆ, ಕೊನೆಗೆ ಆಕಾಶ್ ತನ್ನ ಹಳೇ ಗೆಳತಿ ಸೋಫಿಗೆ ಹೇಳುವ ಕಥೆಯಲ್ಲಿ ಬಂದು ಅವನ ಜೀವ ಉಳಿಸುತ್ತೆ, ಅವನ ಕೈಕೋಲಿನ ಹಿಡಿಯಲ್ಲೂ ಮೊಲದ ತಲೆ. ಸಿನಿಮಾದ ಆರಂಭದಲ್ಲೇ, ಕಥೆ ದೊಡ್ಡದಿದೆ ಅಂತ ಕಾಫಿಗೆ ಕರೆಯುವ ಮಾತು ಬರುತ್ತೆ. ಅದು ಯಾರ ಮಾತು ಅಂತ ಎರಡನೇ ಸಲ ಗೊತ್ತಿರುತ್ತೆ, ಹಾಗಾಗಿ ಯಾವ ದೃಶ್ಯವನ್ನೂ ಪೂರ್ತಿ ನಂಬೋಕೆ ಮನಸ್ಸು ಬರಲ್ಲ. ಕೊನೆಯ ಭಾಗ ಆಕಾಶ್ ಹೊಸೆದದ್ದು ಅನ್ನೋದು ನನ್ನ ಪಕ್ಕಾ ಅಭಿಪ್ರಾಯ. ನನ್ನ ಹೆಂಡತಿ ಒಪ್ಪಲ್ಲ, “ಪಾಪ, ಅವ್ನ್ಯಾಕ್ ಸುಳ್ ಹೇಳ್ತಾನ?” ಅಂತಾಳೆ.

ಜನರಿಂದ ಹಣ ಕೂಡಿಸಿ ಪವನ್ ಕುಮಾರ್ ಮಾಡಿದ ‘ಲೂಸಿಯಾ’ (2013) ಹೆಸರನ್ನು ಎಲ್ಲರೂ ಹೇಳ್ತಾರೆ. ಯಾವುದು ಕನಸು ಅಂತ ತಿಳಿದ ಮೇಲೆ, ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಯ ಸಣ್ಣ ಬದುಕು ಹೆಚ್ಚು ತಟ್ಟಿತು. ತನಿಖೆಯ ದೃಶ್ಯಗಳು ಮಾತ್ರ ಎಳೆದಂತಾದವು.

ಧಾರಾವಾಹಿ ಅಂದರೆ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’. ಹುಡುಗನಾಗಿದ್ದಾಗ ಮಾಸ್ಟರ್ ಮಂಜುನಾಥ್‌ನ ಸ್ವಾಮಿ ಬಿಟ್ಟು ಬೇರೆ ಯಾರೂ ನನಗೆ ಕಂಡಿರಲಿಲ್ಲ. ಈಗ ಮಗಳ ಜೊತೆ ನೋಡುವಾಗ ಅಪ್ಪನ ಪಾತ್ರದ ಗಿರೀಶ್ ಕಾರ್ನಾಡರೇ ಕಾಣ್ತಾರೆ. ಆಕೆ ಸ್ವಾಮಿ ಪಾರ್ಟಿ, ನಾನು ಅಪ್ಪನ ಪಾರ್ಟಿ; ನಮ್ಮಲ್ಲಿ ರಾಜಿ ಆಗೋ ಲಕ್ಷಣ ಇಲ್ಲ.

ಮೊದಲ ಸಲ ನೋಡಿದ್ದು ನೋಡಿದ ಹಾಗೇ ಅಲ್ಲ ಅನ್ನಿಸುವ ಸಿನಿಮಾನೂ ಒಂದಿದೆ: ‘ಘಟಶ್ರಾದ್ಧ’ (1977). ಇದರ ನಿರ್ದೇಶಕ ಗಿರೀಶ್ ಕಾಸರವಳ್ಳಿ ಸಿನಿಮಾ ಕಲಿತದ್ದು ಇದೇ ಪುಣೆಯ ಲಾ ಕಾಲೇಜ್ ರೋಡಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. ನಾನು ನೋಡಿದ್ದು ಮೊಬೈಲಿನಲ್ಲಿ, ಸವೆದುಹೋದ ಪ್ರತಿ. ರಾತ್ರಿಯ ದೃಶ್ಯಗಳಲ್ಲಿ ಕಥೆಯ ಮುಖ್ಯ ಪಾತ್ರ ಯಮುನಕ್ಕನ ಮುಖವೇ ಕಾಣ್ತಿರಲಿಲ್ಲ. ಆ ಸಿನಿಮಾವನ್ನು ಈಗ ಶುದ್ಧ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ. ಆ ಪ್ರತಿ ಪುಣೆಯಲ್ಲಿ ಎಲ್ಲಾದರೂ ಹಾಕಿದರೆ ದಯವಿಟ್ಟು ನನಗೊಂದು ಮಾತು ತಿಳಿಸಿ. ಜೊತೆಗೆ ಬಂದರೆ ಟಿಕೆಟ್ ನನ್ನ ಲೆಕ್ಕ.