ಮಾಂತ್ರಿಕರಿರುವ, ಬೇಗ ಓದಿಸಿಕೊಳ್ಳುವ ಅರ್ಬನ್ ಫ್ಯಾಂಟಸಿ ಕಾದಂಬರಿ ಯಾವುದಾದರೂ ಓದಿದ್ದೀರಾ? ಹೇಗಿದೆ?

ಓದಿದ್ದೇನೆ. ಅರ್ಬನ್ ಫ್ಯಾಂಟಸಿ ಅಂದರೆ ರಾಜರು, ಡ್ರ್ಯಾಗನ್‌ಗಳ ಲೋಕವಲ್ಲ, ಈಗಿನ ಕಾಲದ ಊರಲ್ಲೇ ಮಾಟ ಮಂತ್ರ ನಡೆಯುವ ಕಥೆ. ಅಂಥದ್ದು ಬೇಕಿದ್ದರೆ ಬೆನ್ ಆರನೊವಿಚ್ ಬರೆದ 'ರಿವರ್ಸ್ ಆಫ್ ಲಂಡನ್' ಹಿಡಿಯಿರಿ. 2011ರಲ್ಲಿ ಬಂದದ್ದು. ಅಮೆರಿಕದಲ್ಲಿ ಇದೇ ಪುಸ್ತಕ 'ಮಿಡ್‌ನೈಟ್ ರಾಯಟ್' ಎಂಬ ಹೆಸರಲ್ಲಿ ಬಂದಿತ್ತು. ಬೇರೆ ಕಥೆ ಅಂದುಕೊಂಡು ಎರಡನ್ನೂ ಕೊಳ್ಳಬೇಡಿ.

ಪೀಟರ್ ಗ್ರಾಂಟ್ ಲಂಡನ್ನಿನ ಹೊಸ ಕಾನ್‌ಸ್ಟೇಬಲ್. ಕಾಗದಪತ್ರ ನೋಡಿಕೊಳ್ಳುವ ವಿಭಾಗಕ್ಕೆ ಅವನನ್ನು ತಳ್ಳುವ ಯೋಚನೆ ಮೇಲಿನವರದು. ಅಷ್ಟರಲ್ಲಿ ಕೋವೆಂಟ್ ಗಾರ್ಡನ್ನಿನ ಚರ್ಚ್ ಮುಂದೆ ಒಂದು ಕೊಲೆ. ರಾತ್ರಿ ಕಾವಲಿಗೆ ನಿಂತ ಪೀಟರ್‌ಗೆ ಒಬ್ಬ ಸಾಕ್ಷಿ ಸಿಗುತ್ತಾನೆ. ತೊಂದರೆ ಏನೆಂದರೆ ಸಾಕ್ಷಿ ದೆವ್ವ. ಅಲ್ಲಿಂದ ಅವನು ನೈಟಿಂಗೇಲ್ ಎಂಬ ಮಾಂತ್ರಿಕ ಇನ್‌ಸ್ಪೆಕ್ಟರ್ ಕೈಕೆಳಗೆ ಶಿಷ್ಯನಾಗುತ್ತಾನೆ.

ಕಥೆಗೆ ಓಟ ಬರುವುದು ಮಂತ್ರದಿಂದಲ್ಲ, ಪೊಲೀಸ್ ಕೆಲಸದಿಂದ. ದೆವ್ವದ ಹೇಳಿಕೆ ತಗೊಂಡರೂ ಆಮೇಲೆ ಸಿಸಿಟಿವಿ ನೋಡಬೇಕು, ಮನೆಮನೆಗೆ ಹೋಗಿ ವಿಚಾರಿಸಬೇಕು, ಮೇಲಧಿಕಾರಿಗೆ ನಂಬುವಂಥ ಕಾರಣ ಕೊಡಬೇಕು. ಮಂತ್ರವೂ ಸುಮ್ನೆ ಬರುವುದಿಲ್ಲ. ಲ್ಯಾಟಿನ್ ಉರು ಹೊಡೆಯಬೇಕು. ಅತಿ ಮಾಡಿದರೆ ಮೆದುಳೇ ಹಾಳು. ಹತ್ತಿರದಲ್ಲಿ ಮೊಬೈಲ್ ಇದ್ದರೆ ಅದರ ಚಿಪ್ ಪುಡಿ ಪುಡಿ. ಹೀಗೆ ಎಲ್ಲದಕ್ಕೂ ಬೆಲೆ ತೆರಬೇಕಾದ್ದರಿಂದ ಪ್ರತಿ ಮಂತ್ರಕ್ಕೂ ಎದೆ ಡವಡವ ಅನ್ನುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ನದಿಗಳು. ಲಂಡನ್ನಿನ ನದಿ, ಹಳ್ಳಗಳೆಲ್ಲ ಇಲ್ಲಿ ಮನುಷ್ಯರ ರೂಪದಲ್ಲಿ ಓಡಾಡುತ್ತವೆ. ಕಾವೇರಿಗೆ ಬಾಗಿನ ಕೊಡುವ ನಮಗೆ ನದಿ ತಾಯಿ ಅಂದರೆ ಹೊಸತಲ್ಲ, ಅಲ್ವಾ? ಆದರೆ ಇಲ್ಲಿಯ ಥೇಮ್ಸ್ ತಾಯಿ ನೈಜೀರಿಯಾದಿಂದ ಬಂದ ಹೆಂಗಸು! ಅವಳ ಮಕ್ಕಳಲ್ಲಿ ಫ್ಲೀಟ್, ಟೈಬರ್ನ್ ಇದ್ದಾರೆ. ನಿಜವಾದ ಫ್ಲೀಟ್ ನದಿ ಹ್ಯಾಂಪ್‌ಸ್ಟೆಡ್ ಹೀತ್‌ನಲ್ಲಿ ಹುಟ್ಟಿ, ಈಗ ರಸ್ತೆಗಳ ಕೆಳಗೆ ಚರಂಡಿಯಾಗಿ ಹರಿದು ಬ್ಲ್ಯಾಕ್‌ಫ್ರಯರ್ಸ್ ಹತ್ತಿರ ಥೇಮ್ಸ್ ಸೇರುತ್ತದೆ. 1858ರ ಬೇಸಿಗೆಯಲ್ಲಂತೂ ಥೇಮ್ಸ್ ಎಷ್ಟು ನಾರಿತೆಂದರೆ ಪಾರ್ಲಿಮೆಂಟಿನ ಪರದೆಗಳನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ಅದ್ದಿ ತೂಗುಹಾಕಿದ್ದರು. ಆ ನಾತಕ್ಕೇ ಹಳೆಯ ನದಿದೇವರು ಊರು ಬಿಟ್ಟು ಮೇಲ್ಹೊಳೆಯ ಕಡೆ ಹೋದ ಅನ್ನುತ್ತದೆ ಕಾದಂಬರಿ. ಚರಿತ್ರೆಯನ್ನು ಹೀಗೆ ಕಥೆಯೊಳಗೆ ನುಸುಳಿಸುವುದು ಲೇಖಕನಿಗೆ ಚೆನ್ನಾಗಿ ಗೊತ್ತು.

ಕೊರತೆ ಇಲ್ಲವೇ? ಇದೆ. ಕೊಲೆಯ ಕಥೆಯೂ ಥೇಮ್ಸ್ ತಾಯಿಗೂ ಆ ಹಳೆಯ ನದಿದೇವರಿಗೂ ಇರುವ ಜಗಳವೂ ಸರಿಯಾಗಿ ಬೆಸೆದುಕೊಂಡಿಲ್ಲ. ಕೊನೆಯ ಭಾಗ ಗಡಿಬಿಡಿ. ಹೆಣ್ಣು ಕಂಡಾಗಲೆಲ್ಲ ಪೀಟರ್ ಅವಳ ಮೈಕಟ್ಟು ವರ್ಣಿಸುವುದು ನನಗೆ ಕಿರಿಕಿರಿ ಅನಿಸಿತು. ಪೊಲೀಸರ ಆಡುಮಾತು ಮೊದಲಿಗೆ ತಲೆಗೆ ಹತ್ತುವುದಿಲ್ಲ, ಸ್ವಲ್ಪ ತಾಳ್ಮೆ ಬೇಕು. ರಕ್ತ, ಹಿಂಸೆಯೂ ಇದೆ, ಹಾಗಾಗಿ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ಓದುವಾಗ ಮೊಬೈಲಿನಲ್ಲಿ ಲಂಡನ್ ನಕಾಶೆ ತೆರೆದಿಟ್ಟುಕೊಳ್ಳಿ, ಬೀದಿಗಳೆಲ್ಲ ನಿಜವಾದವೇ. ಕಿವಿಯಲ್ಲಿ ಕೇಳುವ ಅಭ್ಯಾಸವಿದ್ದರೆ ಕೋಬ್ನಾ ಹೋಲ್ಡ್‌ಬ್ರೂಕ್-ಸ್ಮಿತ್ ಓದಿರುವ ಆಡಿಯೊ ಇನ್ನೂ ಸೊಗಸು. ಇದು ಸರಣಿಯ ಮೊದಲ ಪುಸ್ತಕ, ನಡುವಿನಿಂದ ಶುರು ಮಾಡಬೇಡಿ.