ಹಿಂದಿನ ಸಾಲಿಂದ ಬಂದ ಪ್ರಶ್ನೆ

ಪ್ರಶ್ನೆ: ಅಕ್ಕಾ, ನಂಗೆ 29 ವರ್ಷ, ಊರು ತೀರ್ಥಹಳ್ಳಿ ಹತ್ರ, ಕೆಲಸ ಶಿವಮೊಗ್ಗದಲ್ಲಿ. ನಾನು ಕಪ್ಪು, ಸ್ವಲ್ಪ ದಪ್ಪ ಕೂಡ. ಚಿಕ್ಕೋಳಿದ್ದಾಗ ಭರತನಾಟ್ಯಕ್ಕೆ ಹೋಗ್ತಿದ್ದೆ, ಪ್ರೋಗ್ರಾಂ ದಿನ ಮುಖಕ್ಕೆ ಬಿಳಿ ಬಳಿದು ಅಷ್ಟಾದ್ಮೇಲೂ ಹಿಂದಿನ ಸಾಲಲ್ಲೇ ನಿಲ್ಲಿಸೋರು, ಬೇಜಾರಾಗಿ ಬಿಟ್ಟೆ. ಈಗ ಮೊಬೈಲಲ್ಲಿ ಅಮೆರಿಕದ ಕಪ್ಪು ಹೆಂಗಸ್ರು ಬೆಲ್ಲಿ ಡ್ಯಾನ್ಸ್ ಮಾಡೋ ವಿಡಿಯೋ ನೋಡ್ತಾ ಕೂರ್ತೀನಿ. ದಪ್ಪ ಇರೋರು, ಐವತ್ತು ದಾಟಿದೋರು, ಗುಂಗುರು ಕೂದ್ಲು ಹಾಗೇ ಬಿಟ್ಕೊಂಡೋರು, ಎಲ್ರೂ ಒಬ್ಬರಿಗೊಬ್ರು ಕೂಗಿ ಹುರುಪು ಕೊಡ್ತಿರ್ತಾರೆ. ಅವರಿಗೆ ಈ ಡ್ಯಾನ್ಸಲ್ಲೇ ಅಷ್ಟು ಖುಷಿ ಯಾಕೆ ಸಿಕ್ತು? ನನ್ನಂಥೋಳು ಕಲೀಬಹುದಾ? ಅಮ್ಮ ಮಾತ್ರ ಅದು ಕ್ಯಾಬರೆ ಅಂತಾರೆ.
(ಹೆಸರು ಬೇಡ ಅಂದಿದ್ದಾರೆ)

ಉತ್ತರ: ಕಲೀಬಹುದು ಮಾರಾಯ್ತಿ, ಧಾರಾಳವಾಗಿ. ಆದ್ರೆ "ಅವರಿಗೆ ಯಾಕೆ" ಅಂತ ಕೇಳಿದ್ಯಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೀಬೇಕು.

ಅವರೂ ಹಿಂದಿನ ಸಾಲಲ್ಲಿದ್ದೋರೇ ಕಣೇ. ಅಮೆರಿಕದ ಜನಕ್ಕೆ ಈ ಡ್ಯಾನ್ಸ್ ದೊಡ್ಡದಾಗಿ ಪರಿಚಯ ಆಗಿದ್ದು 1893ರ ಶಿಕಾಗೋ ವಸ್ತುಪ್ರದರ್ಶನದಲ್ಲಿ, ಅಲ್ಲಿ ಈಜಿಪ್ಟಿನ ಕೈರೋದ ಬೀದಿ ಅಂತ ಒಂದು ಸೆಟ್ ಹಾಕಿ ದುಡ್ಡಿಗೆ ತೋರಿಸಿದ್ರು. ಆಮೇಲೆ ಪೋಸ್ಟರು, ಸಿನಿಮಾ, ಹೋಟೆಲ್ ಶೋ ಎಲ್ಲಿ ನೋಡಿದ್ರೂ ಹೆಚ್ಚುಕಮ್ಮಿ ಒಂದೇ ಥರದ ಹುಡುಗಿ, ತೆಳ್ಳಗೆ, ಬೆಳ್ಳಗೆ, ಉದ್ದ ಕೂದ್ಲು. ಕಪ್ಪು ಹೆಂಗಸು ಕ್ಲಾಸಿಗೆ ಸೇರಿದ್ರೆ ಎಷ್ಟೋ ಕಡೆ ಇಡೀ ರೂಮಲ್ಲಿ ಅವಳೊಬ್ಬಳೇ. ಹೊಟ್ಟೆ ಮುಚ್ಚೋಕೆ ಹಾಕೋ ನೆಟ್ ಬಟ್ಟೆಗೆ 'ಸ್ಕಿನ್ ಕಲರ್' ಅಂತಾರೆ, ಯಾರ ಸ್ಕಿನ್ನೋ! ಬ್ಯಾಲೆಯಲ್ಲೂ ಇದೇ ಕಥೆ, ಕಪ್ಪು ಡ್ಯಾನ್ಸರುಗಳು ಗುಲಾಬಿ ಶೂಗೆ ಮುಖಕ್ಕೆ ಹಚ್ಚೋ ಫೌಂಡೇಶನ್ ಬಳ್ಕೊಂಡು ಸ್ಟೇಜ್ ಹತ್ತಬೇಕಿತ್ತು, ಬ್ರಿಟನ್ನಿನ ಫ್ರೀಡ್ ಕಂಪನಿ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದು ಬಣ್ಣದ ಶೂ ತಂದಿದ್ದೇ 2018ರಲ್ಲಿ.

ಹಿಂಗಾಗಿ ಈ ಹೆಂಗಸ್ರು ತಾವೇ ತಂಡ ಕಟ್ಕೊಂಡ್ರು, ತಾವೇ ಟೀಚರ್ ಆದ್ರು, ಹಫ್ಲಾ ಅಂತ ಮನೆಮಟ್ಟದ ಕೂಟ ಮಾಡಿ ಅಲ್ಲಿ ಹೊಸಬರನ್ನ ಕುಣಿಸಿದ್ರು. ಮುಂದೆ ನಿಂತು ಕಲಿಸೋಳ ಸೊಂಟ ನಮ್ಮ ಸೊಂಟದ ಹಂಗೇ ಇದ್ರೆ ಹಿಂದೆ ನಿಂತೋಳಿಗೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತೆ. ನೀನು ವಿಡಿಯೋದಲ್ಲಿ ಕೇಳೋ ಕೂಗು ಇದ್ಯಲ್ಲ, ನಾಲಿಗೆ ಆಡಿಸಿ ಲುಲುಲು ಅನ್ನೋದು, ಅದು ಜಗರೂತಾ, ಈಜಿಪ್ಟಿನ ಮದುವೆಮನೇಲಿ ಹೆಂಗಸ್ರು ಹಾಕೋ ಕೂಗು.

ಇನ್ನೊಂದು ಕಾರಣ, ಈ ಡ್ಯಾನ್ಸ್ ಬೆಳೆದ ಈಜಿಪ್ಟ್ ಇರೋದು ಆಫ್ರಿಕಾದಲ್ಲಿ. ನಾವು ಅದನ್ನ ಅರಬ್ ದೇಶ ಅಂತ ಮಾತ್ರ ತಲೇಲಿ ಇಟ್ಕೊಂಡಿರ್ತೀವಿ. ಬಗ್ಗಿದ ಮಂಡಿ, ಬೇರೆಬೇರೆಯಾಗಿ ಆಡೋ ಸೊಂಟ ಎದೆ, ಡ್ರಮ್ಮಿನ ಜೊತೆ ಮಾತಿಗೆ ಮಾತು ಕೊಡೋ ಮೈ, ಇದೆಲ್ಲಾ ನೋಡಿ ಅಮೆರಿಕದ ಕಪ್ಪು ಹೆಂಗಸಿಗೆ ಇದು ನಮ್ಮ ಕಡೇದೇ ಅನ್ಸಿದ್ರೆ ಆಶ್ಚರ್ಯ ಇಲ್ಲ. ಅವರ ಪೂರ್ವಜರಲ್ಲಿ ಹೆಚ್ಚಿನೋರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಿಂದ ಗುಲಾಮರಾಗಿ ಹೋದೋರು, ಆದ್ದರಿಂದ ಕೈರೋ ನೇರ ಅಜ್ಜಿಮನೆ ಅಂತ ಹೇಳಕ್ಕಾಗಲ್ಲ, ಅದು ಬೇರೆ ಮಾತು. ಹಂಗಂತ ಈಜಿಪ್ಟಲ್ಲಿ ಬಣ್ಣಭೇದ ಇಲ್ಲ ಅಂದ್ಕೋಬೇಡ, ಅಲ್ಲಿನ ಹಳೇ ಸಿನಿಮಾಗಳಲ್ಲಿ ದಕ್ಷಿಣ ಈಜಿಪ್ಟಿನ ಕಪ್ಪು ಜನ ನೂಬಿಯನ್ನರಿಗೆ ಸಿಗ್ತಿದ್ದಿದ್ದು ಬಹುಪಾಲು ಅಡುಗೆಯವನ, ವಾಚ್‌ಮ್ಯಾನ್ ಪಾತ್ರ.

ಮತ್ತೆ ಆಫ್ರಿಕಾ ಮೂಲದ ಕುಣಿತ ನೋಡೋಕೆ ಅಮೆರಿಕದ ವಿಡಿಯೋನೇ ಬೇಕಾ? ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಲ್ಲಿ ಸಿದ್ದಿಯರು ಇದಾರೆ, ತಲೆತಲಾಂತರದಿಂದ ಇಲ್ಲೇ ಇದ್ದು ಕನ್ನಡ, ಕೊಂಕಣಿ ಮಾತಾಡೋರು, ಆದ್ರೂ ಪೇಟೆಗೆ ಬಂದ್ರೆ ಯಾವ ದೇಶ ಅಂತ ಕೇಳ್ತಾರೆ ನಮ್ಮ ಜನ. ಡೋಲು ಬಡಿತಕ್ಕೆ ಕುಣಿಯೋ ಅವರ ಡಮಾಮಿ ಕುಣಿತದಲ್ಲಿ ಹೆಂಗಸ್ರನ್ನ ನೋಡು. ನಮ್ಮ ಹೆಗ್ಗೋಡಿನ ನೀನಾಸಂನಲ್ಲಿ ಕಲಿತ ಗಿರಿಜಾ ಸಿದ್ದಿ ನಾಟಕ, ಸಂಗೀತ ಎರಡರಲ್ಲೂ ಹೆಸರು ಮಾಡಿದಾರೆ. ಬಿಳಿ ಬಳಿದ ಮುಖ ನೋಡಿ ಬೆಳೆದ ನಿಂಗೆ ಇದು ಅಮೆರಿಕಕ್ಕಿಂತ ಹತ್ರದ ಔಷಧಿ.

ಅಮ್ಮನ ವಿಷಯ. ಅವರು ಹೇಳೋದು ಪೂರ್ತಿ ಸುಳ್ಳಲ್ಲ, ಮಿಣಮಿಣ ಎರಡು ಪೀಸಿನ ಡ್ರೆಸ್ಸು, ಸ್ಟೇಜ್ ಶೋ ಎಲ್ಲಾ ಬೆಳೆದಿದ್ದು ಕೈರೋದ ನೈಟ್ ಕ್ಲಬ್ಬುಗಳಲ್ಲೇ, ಬದಿಯಾ ಮಸಾಬ್ನಿ ಅನ್ನೋಳು 1926ರಲ್ಲಿ ಶುರು ಮಾಡಿದ ಕ್ಲಬ್ ಅದ್ರಲ್ಲಿ ಮುಖ್ಯ. ಆದ್ರೆ ಮದುವೆಮನೇಲಿ ಅಜ್ಜಿ ಮೊಮ್ಮಗಳು ಉದ್ದ ಗೌನ್ ಮೇಲೆ ಸೊಂಟಕ್ಕೊಂದು ಬಟ್ಟೆ ಕಟ್ಕೊಂಡು ಕುಣಿಯೋದೂ ಇದೇ ಕುಣಿತ. ಅಮ್ಮನಿಗೆ ಮೊದಲು ಫರೀದಾ ಫಹ್ಮಿ ಕುಣಿತ ತೋರ್ಸು. 1959ರಲ್ಲಿ ಶುರುವಾದ ಈಜಿಪ್ಟಿನ ಜಾನಪದ ಡ್ಯಾನ್ಸ್ ತಂಡ ರೆದಾದ ನಾಯಕಿ, ಮೈತುಂಬಾ ಬಟ್ಟೆ, ಸಂಸಾರಸ್ಥರು ಕೂತು ನೋಡ್ತಿದ್ದ ಶೋ, ಆಮೇಲೆ ಅಮೆರಿಕಕ್ಕೆ ಹೋಗಿ ಡ್ಯಾನ್ಸಲ್ಲಿ ಎಂಎ ಮಾಡಿದ್ರು. ನಮ್ಮ ಅಮ್ಮಂದಿರಿಗೆ ಎಂಎ ಅಂದ್ರೆ ಅರ್ಧ ಸಮಾಧಾನ ಹೆಂಗೂ ಆಗುತ್ತೆ.

ಕ್ಲಾಸಿಗೆ ಸೇರೋ ಮುಂಚೆ ಫೀಸ್ ಜೊತೆ ಇನ್ನೆರಡು ಕೇಳು, ಸಾಲು ಬದಲಾಯಿಸ್ತೀರಾ, ನೀವು ಯಾರ ಹತ್ರ ಕಲಿತ್ರಿ. ಗುರು ಹೆಸರು ಹೇಳೋಕೆ ತಡವರಿಸಿದ್ರೆ ವಾಪಸ್ ಬಾ. ಆನ್‌ಲೈನ್ ಆದ್ರೂ ಒಬ್ಬಳೇ ಬೇಡ, ಆಫೀಸಿನ ಇಬ್ಬರನ್ನ ಎಳ್ಕೋ, ಮೂರು ಜನ ಆದ್ರೆ ಹಿಂದಿನ ಸಾಲೇ ಇರಲ್ಲ. ಶಿಮ್ಮಿ, ಅಂದ್ರೆ ಸೊಂಟ ಬೇಗಬೇಗ ನಡುಗಿಸೋದು, ಮಾಡುವಾಗ ಮಂಡಿ ಸಡಿಲ ಇರ್ಲಿ, ಸೊಂಟ ಹಿಂದಕ್ಕೆ ದೂಡಬೇಡ, ಬೆನ್ನು ಹಿಡ್ಕೊಳತ್ತೆ. ರೆಡ್ ಆಕ್ಸೈಡ್ ನೆಲದಲ್ಲಿ ಸಾಕ್ಸ್ ಹಾಕ್ಕೊಂಡಂತೂ ಬೇಡವೇ ಬೇಡ. ಸೊಂಟಕ್ಕೆ ಕಟ್ಟೋ ಕಾಸಿನ ಸ್ಕಾರ್ಫ್ ಆಮೇಲೆ ತಗೋ, ಈಗ ಒಂದು ದುಪಟ್ಟಾ ಸಾಕು.

ಪ್ರಶ್ನೆ: ಮೇಡಂ, ನಮ್ಮಲ್ಲಿ ಡೊಳ್ಳು ಕುಣಿತ, ಕೋಲಾಟ ಇರುವಾಗ ನಮ್ಮ ಹೆಣ್ಮಕ್ಕಳಿಗೆ ಹೊರಗಿನೋರ ಡ್ಯಾನ್ಸ್ ಯಾಕೆ?
(ಓದುಗರು, ಭದ್ರಾವತಿ)

ಉತ್ತರ: ಡೊಳ್ಳು ಗಂಡಸರದ್ದು ಅಂತಿದ್ದ ಕಾಲದಲ್ಲಿ ನೀವು ಹೆಣ್ಮಕ್ಕಳನ್ನ ಕರೆದಿದ್ರಾ ಸರ್? ಈಗ ನಮ್ಮ ಜಿಲ್ಲೇಲಿ ಮಹಿಳಾ ಡೊಳ್ಳು ತಂಡಗಳು ಇವೆ, ಅವರು ಹಠ ಹಿಡಿದು ಕಲಿತಿದ್ದಕ್ಕೆ. ಇನ್ನು ಹೊರಗಿನೋರು ಅಂದ್ರಲ್ಲ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1987ರಲ್ಲಿ ಕರೊಲೀನಾ ನೆರಿಚಿಯೋ ಒಂದು ತಂಡ ಕಟ್ಟಿದ್ರು, ಅವರ ಟ್ರೈಬಲ್ ಶೈಲಿ ಬೆಲ್ಲಿ ಡ್ಯಾನ್ಸಲ್ಲಿ ಹಾಕೋದು ನಮ್ಮ ಚೋಲಿ. ಅವರು ನಮ್ಮ ಬ್ಲೌಸ್ ತಗೊಂಡಾಗ ಭದ್ರಾವತಿಯಿಂದ ಯಾರೂ ಪತ್ರ ಬರೆದಿರಲಿಲ್ಲ.