ಅನುಭವಸ್ಥರು ‘ನೋಡಿದ ತಕ್ಷಣ ಗೊತ್ತಾಗುತ್ತೆ’ ಅಂದರೆ ಎಷ್ಟು ನಂಬಬಹುದು?

ಪ್ರಶ್ನೆ ಉದ್ದವಿದೆ, ಹಾಗಾಗಿ ನನಗೆ ಅರ್ಥವಾದಷ್ಟನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ತಂದೆ ಮೂವತ್ತು ವರ್ಷ ಹೋಟೆಲ್ ನಡೆಸಿದವರು. ಈಗ ಗಲ್ಲಾದಲ್ಲಿ ನೀವು ಕೂರುತ್ತೀರಿ. ಕೆಲಸ ಕೇಳಿಕೊಂಡು ಯಾರಾದರೂ ಬಂದರೆ ಅಪ್ಪ ಒಂದು ಸಲ ಮೇಲಿಂದ ಕೆಳಗೆ ನೋಡಿ ‘ಇವನು ನಿಲ್ಲೋನಲ್ಲ’, ‘ಇವನ ಕೈ ಸರಿಯಿಲ್ಲ’ ಅಂದುಬಿಡುತ್ತಾರೆ. ಅವರು ಬೇಡ ಅಂದ ಇಬ್ಬರನ್ನು ನೀವು ಹಟ ಮಾಡಿ ಸೇರಿಸಿಕೊಂಡಿರಿ, ಒಬ್ಬ ಗಲ್ಲಾದ ದುಡ್ಡು ಎತ್ತಿಕೊಂಡು ಹೋದ. ‘ಇದೆಲ್ಲ ಅಪ್ಪನಿಗೇ ಬಿಟ್ಟುಬಿಡಲಾ, ಅಥವಾ ಕಂಪನಿಗಳ ಥರ ಪ್ರಶ್ನೆ, ಅಂಕ ಅಂತ ಏನಾದರೂ ಮಾಡಲಾ?’ ಎನ್ನುವುದು ನಿಮ್ಮ ಪ್ರಶ್ನೆ.

ದೋಸೆ ಹಿಟ್ಟಿನ ವಿಷಯದಲ್ಲಿ ನಿಮ್ಮ ತಂದೆಯ ಮಾತನ್ನು ಕಣ್ಣು ಮುಚ್ಚಿ ನಂಬಿ. ಆಳಿನ ವಿಷಯದಲ್ಲಿ ಅಷ್ಟು ನಂಬಬೇಡಿ. ಮನುಷ್ಯ ಒಬ್ಬರೇ, ಮೂವತ್ತು ವರ್ಷವೂ ಅದೇ. ಆದರೂ ಎರಡೂ ಒಂದೇ ತೂಕದ ತೀರ್ಪಲ್ಲ.

ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿ, ‘ಇನ್ನೊಂದು ಗಂಟೆ ಬಿಡು’ ಅಂತ ಅವರು ಹೇಳಿದ್ದು ಸರಿಯೋ ತಪ್ಪೋ ಎಂದು ಬೆಳಗಿನ ಮೊದಲ ದೋಸೆ ಕಾವಲಿಯ ಮೇಲೆ ಬಿದ್ದಾಗಲೇ ಗೊತ್ತಾಗುತ್ತದೆ. ತಪ್ಪಾಗಿದ್ದರೆ ತಟ್ಟೆ ಹಾಗೇ ವಾಪಸ್ ಬರುತ್ತದೆ. ಮಾರನೇ ದಿನ ಮತ್ತೆ ಹಿಟ್ಟು, ಮತ್ತೆ ಮೂಗು, ಮತ್ತೆ ಉತ್ತರ. ಚಳಿಗಾಲದ ಹಿಟ್ಟು, ಬೇಸಿಗೆಯ ಹಿಟ್ಟು, ಅಕ್ಕಿ ಬದಲಾದಾಗಿನ ಹಿಟ್ಟು, ಎಲ್ಲಕ್ಕೂ ಪ್ರತ್ಯೇಕ ಪಾಠ ಆಗಿರುತ್ತದೆ. ಏನು ನೋಡಿ ಹೇಳಿದಿರಿ ಅಂತ ಕೇಳಿದರೆ ಅವರಿಗೂ ಹೇಳಲು ಬರಲಿಕ್ಕಿಲ್ಲ. ಹೇಳಲು ಬಾರದಿದ್ದರೇನು, ಗೊತ್ತಿರುವುದು ಸುಳ್ಳಾಗುವುದಿಲ್ಲ.

ನಾನು ಇದನ್ನು ಹತ್ತಿರದಿಂದ ನೋಡಿದ್ದು ರೇಷ್ಮೆಯಲ್ಲಿ. ನಮ್ಮ ದೊಡ್ಡಪ್ಪ ರಾಮನಗರದಲ್ಲಿ ರೀಲರ್, ಅಂದರೆ ಗೂಡು ಕೊಂಡು ನೂಲು ತೆಗೆಯುವವರು ಆಗಿದ್ದರು. ಗೂಡಿನ ಮಾರುಕಟ್ಟೆಯಲ್ಲಿ ಒಂದು ಲಾಟಿನ ಮುಂದೆ ನಿಂತರೆ ಮೊದಲು ಮೇಲಿನ ಗೂಡು ಮುಟ್ಟುತ್ತಲೇ ಇರಲಿಲ್ಲ. ಮೊಣಕೈವರೆಗೆ ಕೈ ತೂರಿಸಿ ರಾಶಿಯ ಅಡಿಯಿಂದ ಒಂದು ಹಿಡಿ ಎತ್ತುತ್ತಿದ್ದರು. ಚಂದದ್ದನ್ನು ಮೇಲೆ ಹರಡುವ ಜಾಣತನ ಯಾರಿಗೆ ಗೊತ್ತಿಲ್ಲ? ಒಂದು ಗೂಡನ್ನು ಹೆಬ್ಬೆರಳಿನಿಂದ ಅದುಮಿ ಗೋಡೆ ಎಷ್ಟು ಬಿಗಿ ಇದೆ ನೋಡುವುದು, ಇನ್ನೊಂದನ್ನು ಕಿವಿಯ ಹತ್ತಿರ ಕುಲುಕುವುದು. ಒಳಗೆ ಹುಳ ಸರಿಯಾಗಿ ಕೋಶ (ಪ್ಯೂಪಾ) ಆಗಿದ್ದರೆ ಕಟಕಟ ಸದ್ದು ಬರುತ್ತದೆ, ಸತ್ತು ಗೋಡೆಗೆ ಅಂಟಿಕೊಂಡಿದ್ದರೆ ಬರುವುದಿಲ್ಲ. ಆಮೇಲೆ ಒಂದೇ ಮಾತು: ‘ಇದು ಎಂಟು ದಾಟುತ್ತೆ, ಬೇಡ.’ ಅಂದರೆ ಒಂದು ಕಿಲೋ ನೂಲು ತೆಗೆಯಲು ಎಂಟು ಕಿಲೋಗಿಂತ ಹೆಚ್ಚು ಗೂಡು ಬೇಕಾಗುತ್ತದೆ ಎಂದು. ರೆಂಡಿಟ್ಟ ಅನ್ನುವುದು ಈ ಲೆಕ್ಕಕ್ಕೇ. ಬೇಕು ಅಂದ ಲಾಟು ಮನೆಗೆ ಬಂದರೆ ಹೆಚ್ಚು ದಿನ ಇಡುವ ಹಾಗಿಲ್ಲ, ಇಟ್ಟರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಹಾಗಾಗಿ ಬಿಸಿನೀರಿಗೆ ಬಿದ್ದೇ ಬೀಳುತ್ತದೆ, ನೂಲು ಬಂದೇ ಬರುತ್ತದೆ, ತಕ್ಕಡಿ ಸುಳ್ಳು ಹೇಳುವುದಿಲ್ಲ. ಊಹೆ ತಪ್ಪಿದ ವಾರ ಕೈಯಿಂದ ದುಡ್ಡು ಹೋಗುತ್ತಿತ್ತು, ದೊಡ್ಡಮ್ಮನ ಮುಂದೆ ಅವರ ಮಾತೂ ಕಮ್ಮಿಯಾಗುತ್ತಿತ್ತು. ಈಗ ಅಲ್ಲಿ ಹರಾಜು ಮೊಬೈಲಿಗೆ ಬಂದಿದೆ, ಆದರೆ ದರ ಒತ್ತುವ ಮೊದಲು ಗೂಡನ್ನು ಕೈಯಲ್ಲಿ ಹಿಡಿದು ನೋಡುವುದು ನಿಂತಿಲ್ಲ.

ಅಮೆರಿಕದ ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ಕೂರಿಸಿಕೊಂಡು, ಬೆಂಕಿಯ ಮುಂದೆ ನಿಂತಾಗ ಹೇಗೆ ತೀರ್ಮಾನ ಮಾಡುತ್ತೀರಿ ಎಂದು ಕೇಳಿದ. ಎರಡು ಮೂರು ದಾರಿ ಹೋಲಿಸಿ ನೋಡಿ ಒಂದನ್ನು ಆರಿಸುತ್ತಾರೆ ಅಂತ ಅವನ ಲೆಕ್ಕ. ಅವರೋ ‘ನಾವು ತೀರ್ಮಾನ ಅಂತ ಏನೂ ಮಾಡಲ್ಲ, ಏನು ಮಾಡಬೇಕೋ ಅದು ಗೊತ್ತಾಗುತ್ತೆ’ ಅನ್ನುವ ಥರ ಉತ್ತರ ಕೊಟ್ಟರು. ಅವನು ದಾಖಲಿಸಿದ ಒಂದು ಪ್ರಸಂಗ ಬಹಳ ಜನರಿಗೆ ಗೊತ್ತಿರಬಹುದು. ಒಂದು ಮನೆಯ ಅಡುಗೆಮನೆಗೆ ಬೆಂಕಿ ಬಿದ್ದಿದೆ. ನೀರು ಹೊಡೆದರೂ ಬೆಂಕಿ ಬಗ್ಗುತ್ತಿಲ್ಲ. ಅಧಿಕಾರಿಗೆ ಅದೇಕೋ ಸರಿ ಅನ್ನಿಸದೆ ‘ಎಲ್ಲರೂ ಆಚೆ ನಡೀರಿ’ ಅಂದ. ಹೊರಬಿದ್ದ ಸ್ವಲ್ಪ ಹೊತ್ತಿಗೆ ಅವರು ನಿಂತಿದ್ದ ನೆಲವೇ ಕುಸಿಯಿತು. ಬೆಂಕಿ ಇದ್ದದ್ದು ಕೆಳಗಿನ ನೆಲಮಾಳಿಗೆಯಲ್ಲಿ, ಅಲ್ಲೊಂದು ನೆಲಮಾಳಿಗೆ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಅಧಿಕಾರಿ ಅದನ್ನು ತನ್ನ ಅತೀಂದ್ರಿಯ ಶಕ್ತಿ ಎಂದೇ ನಂಬಿದ್ದ. ಕ್ಲೈನ್ ಕೆದಕಿ ಕೇಳಿದಾಗ ಎರಡು ವಿಷಯ ಹೊರಬಂದವು: ಅಷ್ಟು ಸಣ್ಣ ಬೆಂಕಿಗೆ ಕೋಣೆಯ ಕಾವು ಮಿತಿಮೀರಿತ್ತು, ಅಷ್ಟು ಕಾವಿಗೆ ಬೆಂಕಿಯ ಸದ್ದು ತೀರಾ ಕಮ್ಮಿ ಇತ್ತು. ಅವನು ನೋಡಿದ್ದ ಬೆಂಕಿಗಳ ಪೈಕಿ ಇದು ಯಾವುದಕ್ಕೂ ಹೊಂದುತ್ತಿರಲಿಲ್ಲ, ಅಷ್ಟೇ.

ಇಷ್ಟು ಓದಿದರೆ ಅಪ್ಪನ ಕಣ್ಣೇ ಸರಿ ಅನ್ನಿಸುತ್ತದೆ. ಈಗ ಇನ್ನೊಂದು ಕಡೆ ನೋಡಿ. ಇದು ನೇರವಾಗಿ ಆಳು ಆರಿಸುವ ಕತೆ.

ಡೇನಿಯಲ್ ಕಾನೆಮನ್ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ. 1950ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ, ಇಸ್ರೇಲ್ ಸೇನೆಯಲ್ಲಿ ಯಾರು ಅಧಿಕಾರಿಯಾಗಲು ಲಾಯಕ್ಕು ಎಂದು ಗುರುತಿಸುವ ಕೆಲಸ ಅವರಿಗೆ ಬಿತ್ತು. ಒಬ್ಬರಿಗೊಬ್ಬರು ಪರಿಚಯವಿಲ್ಲದ ಎಂಟು ಜನರನ್ನು ಸೇರಿಸಿ, ಒಂದು ಉದ್ದದ ದಿಮ್ಮಿ ಕೊಟ್ಟು, ಆರಡಿ ಗೋಡೆ ದಾಟಿ ಅಂತ ಹೇಳುವುದು. ದಿಮ್ಮಿಯೂ ಗೋಡೆಗೆ ತಾಗಬಾರದು, ಜನರೂ ತಾಗಬಾರದು. ತಾಗಿದರೆ ಮೊದಲಿಂದ. ಈ ಪರದಾಟದಲ್ಲಿ ಯಾರು ಮುಂದಾಳು, ಯಾರು ಮುಂಗೋಪಿ, ಯಾರು ಸೋತಾಗ ಕೈಬಿಡುವವನು ಎಲ್ಲ ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತಂತೆ. ಬರೆದುಕೊಡುವಾಗ ಅನುಮಾನವೇ ಇರುತ್ತಿರಲಿಲ್ಲ. ಕೆಲವು ತಿಂಗಳಿಗೊಮ್ಮೆ ತರಬೇತಿ ಶಾಲೆಯಿಂದ ವರದಿ ಬರುತ್ತಿತ್ತು. ಇವರು ಬರೆದದ್ದಕ್ಕೂ ಅಲ್ಲಿ ಆ ಹುಡುಗರು ಮಾಡಿದ್ದಕ್ಕೂ ಹೆಚ್ಚುಕಮ್ಮಿ ಸಂಬಂಧವೇ ಇರುತ್ತಿರಲಿಲ್ಲ. ವರದಿ ಓದಿದ ಮಾರನೇ ದಿನ ಹೊಸ ತಂಡ ಬಂದರೆ? ಅದೇ ಗೋಡೆ, ಅದೇ ದಿಮ್ಮಿ, ಅದೇ ಖಾತ್ರಿ. ನನಗೆ ಈ ಕತೆಯಲ್ಲಿ ಹೆದರಿಕೆ ಹುಟ್ಟಿಸುವುದು ಈ ಕೊನೆಯ ಭಾಗ. ಊಹೆ ಕೆಟ್ಟದ್ದು ಎಂದು ಕಾಗದದ ಮೇಲೆ ಸಾಬೀತಾದರೂ, ಒಳಗಿನ ‘ನನಗೆ ಗೊತ್ತು’ ಒಂದಿಷ್ಟೂ ಅಲುಗಲಿಲ್ಲ.

ಒಬ್ಬರು ಅನುಭವಿಗಳ ಕಣ್ಣನ್ನು ಮೆಚ್ಚಿದವರು, ಇನ್ನೊಬ್ಬರು ಅದನ್ನು ಅನುಮಾನಿಸಿದವರು. ಕ್ಲೈನ್ ಮತ್ತು ಕಾನೆಮನ್ ಹಲವು ವರ್ಷ ಜೊತೆಗೆ ಕೂತು ವಾದ ಮಾಡಿ 2009ರಲ್ಲಿ ಒಂದು ಜಂಟಿ ಲೇಖನ ಬರೆದರು. ಜಗಳ ಆಗುತ್ತದೆ ಅಂದುಕೊಂಡರೆ ಬಹುತೇಕ ಒಪ್ಪಿಬಿಟ್ಟರು. ಕೆಲಸದಲ್ಲಿ ಹಿಡಿಯಬಹುದಾದ ಒಂದು ಕ್ರಮ ಇರಬೇಕು, ಅದನ್ನು ಕಲಿಯುವಷ್ಟು ಸಲ ಸರಿಯಾದ ಉತ್ತರ ವಾಪಸ್ ಬಂದಿರಬೇಕು. ಎರಡೂ ಇದ್ದರೆ ಕ್ಷಣದಲ್ಲಿ ಅನ್ನಿಸಿದ್ದನ್ನು ನಂಬಬಹುದು. ಇಲ್ಲದಿದ್ದರೆ ಹೇಳುವವನಿಗೆ ಎಷ್ಟು ಖಾತ್ರಿ ಇದೆ ಅನ್ನುವುದು ಯಾವ ಸಾಕ್ಷಿಯೂ ಅಲ್ಲ. ಇದಕ್ಕೂ ಮುಂಚೆ, 1992ರಲ್ಲಿ, ಜೇಮ್ಸ್ ಶಾಂಟೋ ಎಂಬಾತ ಯಾವ ಯಾವ ಕಸುಬಿನ ಪರಿಣತರು ಎಷ್ಟು ಸರಿ ಹೇಳುತ್ತಾರೆ ಎಂದು ಅಧ್ಯಯನಗಳನ್ನು ಒಟ್ಟು ಹಾಕಿದ್ದ. ಧಾನ್ಯ ಪರೀಕ್ಷಕರು, ದನಗಳ ಗುಣ ಅಳೆಯುವವರು, ಮಣ್ಣು ನೋಡುವವರು, ಚೆಸ್ ಆಟಗಾರರು ಒಳ್ಳೆಯ ಪಟ್ಟಿಯಲ್ಲಿದ್ದರು. ಷೇರು ದಲ್ಲಾಳಿಗಳು, ಕೋರ್ಟಿನ ಜಡ್ಜ್‌ಗಳು, ಕೆಲಸಕ್ಕೆ ಜನರನ್ನು ಆರಿಸುವವರು ಇನ್ನೊಂದರಲ್ಲಿ. ಗೂಡು ನೋಡುವ ರೀಲರ್ ಆ ಅಧ್ಯಯನದಲ್ಲಿ ಇರಲಿಲ್ಲ, ಇದ್ದಿದ್ದರೆ ಯಾವ ಪಟ್ಟಿಗೆ ಸೇರುತ್ತಿದ್ದರು ಅಂತ ನನಗೆ ಅನುಮಾನವಿಲ್ಲ.

ನಿಮ್ಮ ಹೋಟೆಲಿಗೆ ಬರೋಣ. ಅಪ್ಪ ಬೇಡ ಅಂದು ಕಳಿಸಿದ ಹುಡುಗ ಎಲ್ಲಿಗೆ ಹೋದ? ಎದುರಿನ ಹೋಟೆಲಲ್ಲಿ ಐದು ವರ್ಷದಿಂದ ಕಾವಲಿ ಮುಂದೆ ನಿಂತಿದ್ದಾನೆಯೇ? ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಕಳಿಸಿದವರ ಉತ್ತರ ಎಂದೂ ವಾಪಸ್ ಬರುವುದಿಲ್ಲ. ಬರುವುದು ಸೇರಿಸಿಕೊಂಡವರದ್ದು ಮಾತ್ರ, ಅದರಲ್ಲೂ ನೆನಪಲ್ಲಿ ಉಳಿಯುವುದು ದುಡ್ಡು ಎತ್ತಿದವನು. ನೀವೇ ಬರೆದಿದ್ದೀರಿ, ಅಪ್ಪ ಬೇಡ ಅಂದ ಇಬ್ಬರಲ್ಲಿ ಒಬ್ಬ ಕೈಕೊಟ್ಟ ಎಂದು. ಇನ್ನೊಬ್ಬನ ಬಗ್ಗೆ ಪ್ರಶ್ನೆಯಲ್ಲಿ ಒಂದು ಸಾಲೂ ಇಲ್ಲ! ಅವನು ಈಗಲೂ ನಿಮ್ಮಲ್ಲೇ ಇದ್ದರೆ ಲೆಕ್ಕ ಸಮ ಆಯಿತಲ್ಲ.

‘ನಿಲ್ಲೋನಲ್ಲ’ ಅನ್ನುವ ಭವಿಷ್ಯವಂತೂ ತೀರಾ ಸುಲಭದ್ದು. ಹೋಟೆಲ್ ಕೆಲಸಕ್ಕೆ ಬಂದ ಹತ್ತು ಜನರಲ್ಲಿ ಆರು ಜನ ವರ್ಷದೊಳಗೆ ಬಿಟ್ಟು ಹೋಗುತ್ತಾರೆ ಅಂತ ಇಟ್ಟುಕೊಳ್ಳಿ. ಮುಖವನ್ನೇ ನೋಡದೆ ಹತ್ತೂ ಜನರಿಗೆ ‘ನಿಲ್ಲೋನಲ್ಲ’ ಅಂದರೆ ಆರು ಸಲ ಸರಿಯಾಗುತ್ತದೆ. ನಿಮ್ಮ ಅಪ್ಪ ಅದಕ್ಕಿಂತ ಎಷ್ಟು ಜಾಸ್ತಿ ಸರಿ ಹೇಳುತ್ತಾರೆ ಅನ್ನುವುದು ಪ್ರಶ್ನೆ.

ಇನ್ನೂ ಒಂದು ಸೂಕ್ಷ್ಮ ಇದೆ. ಐನ್‌ಹಾರ್ನ್ ಮತ್ತು ಹೊಗಾರ್ತ್ ಎಂಬ ಸಂಶೋಧಕರು 1978ರಲ್ಲಿ ಕೊಟ್ಟ ಉದಾಹರಣೆ ಸಪ್ಲೈಯರನದ್ದೇ. ಗಿರಾಕಿಯನ್ನು ನೋಡಿದ ಕೂಡಲೇ ಯಾರು ಟಿಪ್ಸ್ ಕೊಡುತ್ತಾರೆ ಅಂತ ನನಗೆ ಗೊತ್ತು ಅನ್ನುವವನು, ಕೊಡುತ್ತಾರೆ ಅನ್ನಿಸಿದವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಉಳಿದವರನ್ನು ಕಾಯಿಸುತ್ತಾನೆ. ಕೊನೆಗೆ ಚೆನ್ನಾಗಿ ನೋಡಿಕೊಂಡವರೇ ಕೊಡುತ್ತಾರೆ. ‘ನಾನು ಹೇಳಲಿಲ್ಲವಾ?’ ಅಪ್ಪ ಮೊದಲ ದಿನವೇ ‘ಕೈ ಸರಿಯಿಲ್ಲ’ ಅಂದ ಹುಡುಗನ ಜೊತೆ ನೀವು, ಭಟ್ಟರು, ಉಳಿದ ಹುಡುಗರು ಹೇಗೆ ನಡೆದುಕೊಂಡಿರಿ? ಎಲ್ಲರ ಕಣ್ಣೂ ತನ್ನ ಜೇಬಿನ ಮೇಲಿದೆ ಅಂತ ಗೊತ್ತಾದವನು ಬೇರೆ ಕಡೆ ಕೆಲಸ ಹುಡುಕಿದರೆ ಆಶ್ಚರ್ಯವೇನಿಲ್ಲ. ಹೋಗುವಾಗ ದುಡ್ಡು ಎತ್ತಿದ್ದು ಬೇರೆ ಮಾತು, ಅದನ್ನು ನಾನು ಸಮರ್ಥಿಸುತ್ತಿಲ್ಲ.

ಇಷ್ಟಾದ ಮೇಲೆ ಅಪ್ಪನನ್ನು ಬದಿಗೆ ಸರಿಸಬೇಕೇ ಅಂದರೆ, ಬೇಡ. ಕಾನೆಮನ್ ಅದೇ ಸೇನೆಯಲ್ಲಿ ಸಂದರ್ಶನದ ಹೊಸ ಪದ್ಧತಿಯೊಂದನ್ನು ತಂದರು. ಹೊಣೆಗಾರಿಕೆ, ಜನರೊಂದಿಗೆ ಬೆರೆಯುವುದು ಇತ್ಯಾದಿ ಆರು ಗುಣ ಹಿಡಿದು, ಒಂದೊಂದಕ್ಕೂ ಹಿಂದೆ ನಡೆದ ಸಂಗತಿಗಳನ್ನು ಮಾತ್ರ ಕೇಳಿ, ಒಂದು ಮುಗಿದ ಮೇಲೆ ಇನ್ನೊಂದು ಎಂದು ಐದರೊಳಗೆ ಅಂಕ ಹಾಕುವುದು. ಒಟ್ಟಾರೆ ಹೇಗೆ ಅನ್ನಿಸಿತು ಅಂತ ಯೋಚಿಸಲೇಬಾರದು. ಸಂದರ್ಶನ ಮಾಡುವವರು ಸಿಟ್ಟಾದರು, ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು. ಸರಿ, ಆರೂ ಅಂಕ ಹಾಕಿದ ಮೇಲೆ ಕಣ್ಣು ಮುಚ್ಚಿ, ಈ ಹುಡುಗ ಸೈನಿಕನಾಗಿ ಹೇಗಿರುತ್ತಾನೆ ಎಂದು ಊಹಿಸಿ ಇನ್ನೊಂದು ಅಂಕ ಕೊಡಿ ಅಂದರು. ಆರು ಅಂಕಗಳ ಮೊತ್ತ ಹಳೆಯ ಪದ್ಧತಿಗಿಂತ ಸಾಕಷ್ಟು ಚೆನ್ನಾಗಿ ಕೆಲಸ ಮಾಡಿತು. ಅಚ್ಚರಿ ಅಂದರೆ ಕಣ್ಣು ಮುಚ್ಚಿ ಕೊಟ್ಟ ಅಂಕವೂ ಅಷ್ಟೇ ಚೆನ್ನಾಗಿ ಕೆಲಸ ಮಾಡಿತು. ಮೊದಲು ಸಂಗತಿ ನೋಡಿ ಆಮೇಲೆ ಅನ್ನಿಸಿದ್ದಕ್ಕೆ ಬೆಲೆ ಇತ್ತು. ಮುಖ ನೋಡಿದೊಡನೆ ಅನ್ನಿಸಿದ್ದಕ್ಕೆ ಇರಲಿಲ್ಲ.

ಹೋಟೆಲಿಗೆ ಆರು ಗುಣ ಬೇಕಿಲ್ಲ, ನಾಲ್ಕು ಸಾಕು. ಹಿಂದಿನ ಕಡೆ ಎಷ್ಟು ದಿನ ಇದ್ದ, ಯಾಕೆ ಬಿಟ್ಟ. ಅಲ್ಲಿಗೆ ಫೋನ್ ಮಾಡಿದರೆ ಏನಂತಾರೆ. ಉಳಿದುಕೊಳ್ಳಲು ಜಾಗ ಇದೆಯೋ, ದಿನಾ ಬಸ್ಸಿಗೆ ಓಡಬೇಕೋ (ಜನ ಕೆಲಸ ಬಿಡುವುದು ಬಹಳ ಸಲ ಇದಕ್ಕೇ, ಸ್ವಭಾವಕ್ಕಲ್ಲ). ಕೊನೆಯದು ಎಲ್ಲಕ್ಕಿಂತ ಮುಖ್ಯ: ಕೆಲಸ ಕೊಟ್ಟು ನೋಡಿ. ಬೆಳಗಿನ ರಶ್ಶಿನಲ್ಲಿ ಒಂದೆರಡು ದಿನ ಕೂಲಿ ಕೊಟ್ಟು ನಿಲ್ಲಿಸಿಕೊಳ್ಳಿ. ಸಪ್ಲೈಯರ್ ಆದರೆ ಒಂದೇ ಸಲ ನಾಲ್ಕು ಟೇಬಲಿನ ಆರ್ಡರ್ ನೆನಪಿಡುತ್ತಾನಾ, ಭಟ್ಟರ ಕಡೆಯವನಾದರೆ ಕಾವಲಿ ಕಾದದ್ದು ಗೊತ್ತಾಗುತ್ತಾ, ಗಿರಾಕಿ ರೇಗಿದರೆ ಏನು ಮಾಡುತ್ತಾನೆ. ಆಮೇಲೆ ಅಪ್ಪನನ್ನು ಕೇಳಿ, ‘ಏನನ್ನಿಸುತ್ತೆ, ಐದಕ್ಕೆ ಎಷ್ಟು?’ ಮೊದಲೇ ಕೇಳಬೇಡಿ. ಮೊದಲೇ ಕೇಳಿದರೆ ಆ ಎರಡು ದಿನ ಅವರು ನೋಡುವುದು ತಮ್ಮ ಮಾತಿಗೆ ಪುರಾವೆಯನ್ನು ಮಾತ್ರ.

ಅಂಕವನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ನಿಮ್ಮದನ್ನೂ ಬರೆಯಿರಿ. ಆರು ತಿಂಗಳ ನಂತರ ಯಾರು ಇದ್ದಾರೆ, ಯಾರು ಇಲ್ಲ ಎಂದು ಎದುರಿಗೆ ಗುರುತು ಮಾಡಿ. ಸಾಧ್ಯವಾದರೆ ಅಪ್ಪ ಎರಡೇ ಅಂಕ ಕೊಟ್ಟವನನ್ನೂ ಆಗೊಮ್ಮೆ ಈಗೊಮ್ಮೆ ಸೇರಿಸಿಕೊಳ್ಳಿ, ಅವರು ಎಷ್ಟು ಕೊಟ್ಟರು ಅನ್ನುವುದು ಬೇರೆ ಹುಡುಗರ ಕಿವಿಗೆ ಬೀಳದಿರಲಿ. ಹಿಟ್ಟಿಗೆ ಇದ್ದ ಹಾಗೆ ಆಳಿಗೂ ಉತ್ತರ ವಾಪಸ್ ಬರುವ ದಾರಿ ಮಾಡಿಕೊಟ್ಟಂತಾಯಿತು. ಅಪ್ಪ ನಿಜಕ್ಕೂ ಮುಖ ಓದಬಲ್ಲವರಾಗಿದ್ದರೆ ಪುಸ್ತಕದಲ್ಲಿ ಕಾಣುತ್ತದೆ, ಆಗ ನನ್ನ ಮಾತು ಬಿಟ್ಟು ಅವರ ಮಾತು ಕೇಳಿ. ಮನೆಯಲ್ಲಿ ಇದನ್ನು ‘ನಿಮ್ಮ ಲೆಕ್ಕ ತಪ್ಪು’ ಅಂತ ಶುರು ಮಾಡಿದರೆ ಅಲ್ಲಿಗೇ ಮುಗಿಯಿತು. ‘ಅಪ್ಪ, ನೀವು ಹೇಳ್ತಾ ಹೋಗಿ, ನಾನು ಬರ್ಕೋತೀನಿ’ ಅಂದರೆ ಒಪ್ಪಬಹುದು.

ಗಲ್ಲಾಕ್ಕೆ ಕೈ ಹಾಕಿದವನ ವಿಷಯ ಇದರಿಂದ ಬೇರೆಯೇ. ಅದನ್ನು ಮುಖ ನೋಡಿಯೂ ತಡೆಯಲಾಗದು, ಅಂಕ ಹಾಕಿಯೂ ತಡೆಯಲಾಗದು. ರಾತ್ರಿ ಬಿಲ್ಲಿಗೂ ನಗದಿಗೂ ತಾಳೆ ನೋಡುತ್ತಿದ್ದಿರಾ? ಅವನು ಎತ್ತಿದ್ದು ಹೋದ ದಿನ ಮಾತ್ರವೋ, ಮೊದಲಿಂದಲೂ ಸ್ವಲ್ಪ ಸ್ವಲ್ಪವೋ? ಕೆಳಗೆ ಬರೆದು ತಿಳಿಸಿದರೆ ಅದಕ್ಕೆ ಬೇರೆ ಉತ್ತರ ಕೊಡುತ್ತೇನೆ.